ಸೋರೆಬುರುಡೆಗಾಗಿ ಹೊಳೆ ದಾಟಿದ್ದು

ವಿಲಾಯಿತಿಗೆ ಹೋಗಿ ಬಂದವರು ಊರಿಗೆ ಮರಳಿದ ಮೇಲೂ ಆರು ತಿಂಗಳು ಕೋಟು ಬಿಚ್ಚುವುದಿಲ್ಲ. ನಾನೂ ಪರರಾಜ್ಯಕ್ಕೆ ಹೋಗಿ ಬಂದವನೇ. ನಾನು ಬಿಚ್ಚದೆ ಇರುವುದು ಬಲಗೈಯ ತೋರುಬೆರಳಿಗೆ ಸುತ್ತಿದ ಅರಿವೆಯನ್ನು. ನಮ್ಮ ಹಿತ್ತಲಿನಲ್ಲಿ ಈಗ ಒಂದು ಸೋರೆಬಳ್ಳಿ ಹಬ್ಬುತ್ತಿದೆ. ಅದು ಕಾಯಿ ಬಿಟ್ಟು, ಕಾಯಿ ಬಲಿಯುವವರೆಗೆ ಈ ಬೆರಳಿಗೆ ಬಿಡುಗಡೆಯಿಲ್ಲ. ಯಾಕೆಂದು ಕೊಳ್ಳೇಗಾಲದಲ್ಲಿ ಕೇಳದವರಿಲ್ಲ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಗಂಟಲು ಒಣಗಿದ್ದರಿಂದ ಬರೆದೇ ಬಿಡುತ್ತಿದ್ದೇನೆ.

ಪರರಾಜ್ಯವೆಂದರೆ ನಗಬೇಡಿ. ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿದ್ದು. ಮದರಾಸು ಸಮುದ್ರದಾಚೆಯ ದೊರೆಗೆ ಸೇರಿದ್ದು. ಹೊಳೆಯ ಆಚೆಗಿನ ಮಳವಳ್ಳಿ ಮೈಸೂರಿನ ಮಹಾರಾಜರದು. ನಡುವೆ ಕಾವೇರಿ. ಈಚೆ ದಡದ ಕಪ್ಪೆ ಒಬ್ಬ ದೊರೆಯ ಪ್ರಜೆ, ಆಚೆ ದಡದ ಕಪ್ಪೆ ಇನ್ನೊಬ್ಬರ ಪ್ರಜೆ. ಎರಡೂ ವಟಗುಟ್ಟುವುದು ಮಾತ್ರ ಒಂದೇ ಭಾಷೆಯಲ್ಲಿ. ಇದು ಕಪ್ಪೆಗಳ ತಪ್ಪು. ನಕ್ಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣ ಬಳಿದಿರುವುದನ್ನು ನಾನೇ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ.

ಹೊರಡಬೇಕಾದ ಕಾರಣವನ್ನು ಮೊದಲು ಹೇಳಬೇಕು. ಯುದ್ಧದ ದೆಸೆಯಿಂದ ಬಟ್ಟೆ, ಸೀಮೆಎಣ್ಣೆ, ತಗಡು, ಸಕ್ಕರೆ ಎಲ್ಲವೂ ಅಂಗಡಿಯಿಂದ ಮಾಯವಾದಾಗ, ಮೇಷ್ಟ್ರ ಕೆಲಸದಿಂದ ಹೊಸದಾಗಿ ನಿವೃತ್ತನಾಗಿದ್ದ ನಾನು ಸುಮ್ಮನಿರಲಾರದೆ ಒಂದು ಸ್ವಾವಲಂಬನ ಸಂಘ ಕಟ್ಟಿದೆ. ಅಧ್ಯಕ್ಷ ನಾನು. ಸದಸ್ಯರು ಇಬ್ಬರು: ನಮ್ಮ ಪೋಸ್ಟ್ ಮಾಸ್ಟರು, ಮತ್ತು ಕಿವಿ ಕೇಳದ್ದರಿಂದ ಎಲ್ಲಕ್ಕೂ ಒಪ್ಪುವ ಒಬ್ಬ ವಕೀಲರು. ಸಂಘದ ಮೂರನೆಯ ಸಭೆ ನಮ್ಮ ಮನೆಯ ಜಗಲಿಯ ಮೇಲೆ ನಡೆಯಿತು. "ತನ್ನ ಕಾಳು ತಾನೇ ಬೆಳೆಯಬೇಕು, ತನ್ನ ಪಾತ್ರೆ ತಾನೇ ಮಾಡಿಕೊಳ್ಳಬೇಕು" ಎಂದು ಭಾಷಣ ಮುಗಿಸಿ, ಚಪ್ಪಾಳೆಯ ನಡುವೆ ನಾನು ಗಂಭೀರವಾಗಿ ಕುಳಿತೆ.

ಕೆಳಗೆ ಏನೋ ಲಟಕ್ಕೆಂದಿತು.

ಅದು ನನ್ನ ಹೆಂಡತಿ ಸಾಕಮ್ಮ ಬಿಸಿಲಿಗೆ ಇಟ್ಟಿದ್ದ ಸೋರೆಬುರುಡೆ. ತಾಯಿಯ ಮನೆಯಿಂದ ಮದುವೆಯ ವರ್ಷ ತಂದದ್ದು. ಮೂವತ್ತು ವರ್ಷ ಅದರೊಳಗೆ ಬಿತ್ತನೆ ರಾಗಿ ಕೆಡದೆ ಕೂತಿತ್ತು. ಬಳ್ಳಿಯಲ್ಲಿ ಬೆಳೆದ ಕಾಯಿಯನ್ನು ಒಣಗಿಸಿ ಕೈಯಿಂದಲೇ ಮಾಡಿದ ಪಾತ್ರೆ ಇಡೀ ಮನೆಯಲ್ಲಿ ಅದೊಂದೇ. ಸಂಘದ ಅಧ್ಯಕ್ಷರು ಅದರ ಮೇಲೆಯೇ ಕುಳಿತರು.

ಸಾಕಮ್ಮ ಹೊರಗೆ ಬಂದು ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಈ ಪ್ರವಾಸ ಮಾಡಬೇಕಾಗುತ್ತಿರಲಿಲ್ಲ.

"ಪೇಟೆಯಿಂದ ಒಂದು ಒಳ್ಳೆಯ ಡಬ್ಬ ತರುತ್ತೇನೆ" ಎಂದೆ.

"ಡಬ್ಬದಲ್ಲಿ ಬೀಜ ಬೆವರ್ತದೆ. ಬುರುಡೇಲಿ ಉಸ್ರಾಡ್ತದೆ. ಇಷ್ಟು ಗೊತ್ತಿಲ್ದೆ ಅದೇನ್ ಸಂಗ ಕಟ್ಟಿದ್ದೀರೋ ಕಾಣೆ" ಎಂದಳು. "ಅಲಗೂರಲ್ಲಿ ನಮ್ಮವ್ವನ ತಂಗಿ ಚಿಕ್ಕವ್ವ ಅವ್ಳೆ. ಆ ತಳಿ ಬಳ್ಳಿ ಅವ್ಳತ್ರ ಮಾತ್ರ ಅದೆ. ಅಂತದೇ ಬುರುಡೆ ತನ್ನಿ. ತಂದ್ರೆ ಈ ಮನೆ; ಇಲ್ದಿದ್ರೆ ಪೋಸ್ಟಾಪೀಸ್ನಲ್ಲೇ ಮಲೀಕಳಿ."

ಪೋಸ್ಟ್ ಮಾಸ್ಟರು ಗಾಬರಿಯಿಂದ ನನ್ನ ಮುಖ ನೋಡಿದರು. ವಕೀಲರು ಒಪ್ಪಿಗೆಯೆಂದು ತಲೆಯಾಡಿಸಿದರು.

ಶಿವನಸಮುದ್ರ: ಗಡಿ

ಹಳೆಯ ಕಲ್ಲುಕಂಬದ ಸೇತುವೆ ದಾಟಿದರೆ ಮೈಸೂರು ಸೀಮೆ. ಆಚೆ ತುದಿಯಲ್ಲಿ ಒಂದು ಸೋಗೆಯ ಗುಡಿಸಲು, ಅದರಲ್ಲಿ ಒಬ್ಬ ಕಾವಲಿನವನು. ದವಸಧಾನ್ಯ ಗಡಿ ದಾಟದಂತೆ ನೋಡಿಕೊಳ್ಳುವುದು ಅವನ ಕೆಲಸ. ನೆತ್ತಿಯ ಮೇಲೆ ಕರೆಂಟಿನ ತಂತಿಗಳು ಗುಂಯ್‌ಗುಟ್ಟುತ್ತ ದೂರದ ಚಿನ್ನದ ಗಣಿಗೆ ಓಡುತ್ತಿದ್ದವು. ಕೆಳಗೆ ಅವನ ಗುಡಿಸಲಲ್ಲಿ ಎಣ್ಣೆಯಿಲ್ಲದ ಲಾಟೀನು ನೇತಾಡುತ್ತಿತ್ತು.

"ಎಲ್ಗೆ ಸ್ವಾಮಿ?"

"ಹಲಗೂರಿಗೆ."

"ಏನ್ ಕೆಲ್ಸ?"

"ಒಂದು ಸೋರೆಬುರುಡೆ ತರಬೇಕು."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಯಾಕೆ, ನಿಮ್ ಸೀಮೇಲಿ ಸೋರೆಕಾಯಿ ಬಿಡಕಿಲ್ವಾ?"

"ಮನೆಯಲ್ಲಿ ಇತ್ತು. ಅದರ ಮೇಲೆ ಕೂತೆ."

ಸರ್ಕಾರದ ಸೇವೆಯಲ್ಲಿ ಇಂಥ ಉತ್ತರ ಅವನು ಕೇಳಿರಲಿಲ್ಲವೆಂದು ಕಾಣುತ್ತದೆ. ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದ. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವನ ಗುಡಿಸಲಿನ ಮೇಲೆ ಹಬ್ಬಿದ್ದ ಕುಂಬಳದ ಬಳ್ಳಿ. ಆಹಾ, ಗಡಿ ಕಾಯುತ್ತಲೇ ಕಾಯಿಪಲ್ಯ ಬೆಳೆಯುವ ಸ್ವಾವಲಂಬಿ! ಎಳೆಯ ಹೀಚುಗಳನ್ನು ಕ್ಲಾಸಿನಲ್ಲಿ ಹುಡುಗರ ತಲೆ ಎಣಿಸುವಂತೆ ಬೆರಳು ಚಾಚಿ ಚಾಚಿ ಎಣಿಸಿದೆ. ಏಳು. ಎಣಿಸಿ ಸಂತೋಷದಿಂದ ಮುಂದೆ ಹೊರಟೆ. ಅವನು ಇನ್ನೂ ಬೀಡಿ ಹಚ್ಚುತ್ತಲೇ ಇದ್ದ.

ಮಳವಳ್ಳಿ

ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಬಸ್ಸುಗಳು ಇದ್ದಿಲು ತಿನ್ನುತ್ತಿದ್ದ ಕಾಲ. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡು, ಬಾಣಂತಿಗೆ ನೀರು ಕಾಯಿಸುವವಳ ಹಾಗೆ ಹೊಗೆಯಾಡುತ್ತ ನಿಂತಿತ್ತು ನಮ್ಮ ಬಸ್ಸು. ಏರು ಬಂದಲ್ಲೆಲ್ಲ ಕಂಡಕ್ಟರು "ಇಳೀರಪ್ಪಾ" ಎನ್ನುತ್ತಿದ್ದ. ನಾವು ಇಳಿದು ದೂಡುತ್ತಿದ್ದೆವು. ಇಳಿಜಾರಿನಲ್ಲಿ ಅದು ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನಾವು ಹಿಂದೆ ಓಡುತ್ತಿದ್ದೆವು. ಸಮತಟ್ಟಿನಲ್ಲಿ ಮಾತ್ರ ಎಲ್ಲರೂ ಜೊತೆಯಲ್ಲಿ ಪ್ರಯಾಣ ಮಾಡಿದೆವು.

ದೂಡುವಾಗ ಪಕ್ಕದವನು ಕೇಳಿದ, "ಎಲ್ಗೋಯ್ತಿದ್ದೀರಿ?"

ನಾನು ಸಂದರ್ಭ ಬಿಡಲಿಲ್ಲ. ಸ್ವಾವಲಂಬನೆಯ ತತ್ತ್ವವನ್ನು ಒಂದು ಏರಿನುದ್ದಕ್ಕೂ ವಿವರಿಸಿದೆ.

ಅವನು ಎಲ್ಲ ಕೇಳಿ, "ಮಾತ್ ನಿಲ್ಸಿ ಒಸಿ ದಬ್ಬಿ ಸ್ವಾಮಿ. ಕೈ ಇಟ್ಕಂಡಿದ್ದೀರಿ ಅಷ್ಟೇಯ" ಎಂದ.

ಈ ಸೀಮೆಯ ಜನರ ರೀತಿಯೇ ಹೀಗೆ. ನಮ್ಮ ಕಡೆ ಬೈಯುವುದಕ್ಕೆ ಮುಂಚೆ ನೆಂಟಸ್ತಿಕೆ ವಿಚಾರಿಸುತ್ತೇವೆ. ಇಲ್ಲಿ ಬೈದು ಮುಗಿಸಿ ನೆಂಟಸ್ತಿಕೆ ಹುಡುಕುತ್ತಾರೆ. ಮಳವಳ್ಳಿ ಸೇರುವಷ್ಟರಲ್ಲಿ ಅವನು ನನಗೆ ದೂರದ ಷಡ್ಡಕನಾಗಿದ್ದ. ಒಂದು ಬಾಳೆಹಣ್ಣನ್ನೂ ಕೊಟ್ಟ.

ಹಲಗೂರು

ಚಿಕ್ಕವ್ವನ ಮನೆಗೆ ಬೀಗ. ಪಕ್ಕದ ಮನೆ ಕಂಬಳಿ ನೇಯುವ ಬೀರಣ್ಣನದು. ಅವನು ಹಿತ್ತಲಿನಲ್ಲಿ ಮಗ್ಗಕ್ಕೆ ಹಾಸುನೂಲು ಕಟ್ಟುತ್ತಿದ್ದ. "ಕುಂತ್ಕಳಿ, ಬಂದೆ" ಎಂದು ಅಲ್ಲಿಂದಲೇ ಕೂಗಿದ. ನಾನು ಈ ಸಲ ಕೆಳಗೆ ನೋಡಿಯೇ ಕುಳಿತೆ.

ಜಗಲಿಯ ಮೇಲೆ ಒಂದು ಮಡಕೆಯಲ್ಲಿ ಕಂದು ಬಣ್ಣದ, ಮಂದವಾದ, ಇನ್ನೂ ಬೆಚ್ಚಗಿದ್ದ ಅಂಬಲಿ. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು. ದಣಿದು ಬಂದ ಅತಿಥಿಗೆ ಕೇಳದೆಯೇ ಅಂಬಲಿ ಇಡುವ ಈ ಪರದೇಶದ ಸೌಜನ್ಯಕ್ಕೆ ನನ್ನ ಕಣ್ಣು ತುಂಬಿ ಬಂತು. ಉಪ್ಪು ಸಾಲದು ಅನ್ನಿಸಿತು. ಆದರೆ ಬಡವರ ಮನೆಯಲ್ಲಿ ಉಪ್ಪಿನ ಮಾತೆತ್ತಬಾರದು. ಎರಡು ಚಿಪ್ಪು ಕುಡಿದೆ. ಮೂರನೆಯದನ್ನು ತುಂಬುತ್ತಿದ್ದಾಗ ಬೀರಣ್ಣ ಬಂದ. ಬಾಗಿಲಲ್ಲೇ ನಿಂತ.

"ಸ್ವಾಮೀ, ಅದು ಕಂಬ್ಳಿದು."

"ಏನು?"

"ಕಂಬ್ಳಿಗೆ ಬಳಿಯೋ ಅಂಟು ಕನಪ್ಪಾ! ಉಣಸೇಬೀಜ ಅರ್ದು ಬೇಯ್ಸಿದ್ದು. ಅದ ಬಳುದ್ರೆ ಕಂಬ್ಳಿ ಮಳೇಲಿ ನೆಂದ್ರೂ ಬಗ್ಗಕಿಲ್ಲ."

ನಾನು ಚಿಪ್ಪನ್ನು ಮೆಲ್ಲನೆ ಕೆಳಗಿಟ್ಟೆ.

"ತೊಂದ್ರೆ ಇಲ್ಲ" ಎಂದು ಬೀರಣ್ಣ ಸಮಾಧಾನ ಹೇಳಿದ. "ಸಾಯಕಿಲ್ಲ. ನಾಕೈದು ದಿನ ಒಸಿ ನೆಟ್ಟಗಿರ್ತೀರಿ. ಬಗ್ಬೇಡಿ."

ಅವನ ಹೆಂಡತಿ ಒಳಗಿನಿಂದ, "ಉಳ್ದಿದ್ರೆ ಕೊಡಿ, ಅರ್ಧ ಕಂಬ್ಳಿ ಬಾಕಿ ಅದೆ" ಎಂದು ಕೂಗಿದಳು.

ವಿಚಾರ ತಿಳಿದದ್ದು ಇಷ್ಟು: ಚಿಕ್ಕವ್ವ ಮಂಡ್ಯದ ಹತ್ತಿರ ಹೊಳಲಿನಲ್ಲಿರುವ ಮಗನ ಮನೆಗೆ ಹೋಗಿ ಎರಡು ವರ್ಷವಾಗಿದೆ. ಬಟ್ಟೆ, ಪಾತ್ರೆ ಎಲ್ಲ ಇಲ್ಲಿಯೇ ಬಿಟ್ಟು, ಬೀಜದ ಗಂಟು ಒಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳಂತೆ. ಮದ್ದೂರಿನ ಕಡೆಗೆ ಹೊರಟಿದ್ದ ಒಂದು ಎತ್ತಿನ ಗಾಡಿಗೆ ಬೀರಣ್ಣ ನನ್ನನ್ನು ಹತ್ತಿಸಿದ. ಹತ್ತಿಸಿದ ಎನ್ನುವುದಕ್ಕಿಂತ ನಿಲ್ಲಿಸಿದ ಎನ್ನಬೇಕು. ನಾನಾಗಲೇ ಒಳಗಿನಿಂದ ಬಿಗಿಯತೊಡಗಿದ್ದೆ.

ಮದ್ದೂರು, ಮಂಡ್ಯ

ಮದ್ದೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದಾಗ ವಡೆಯವನು ಬಂದ. ಈರುಳ್ಳಿ, ಕರಿಬೇವು ಹಾಕಿ ಆಗ ತಾನೇ ಕರಿದ ವಡೆ. ಇದರ ವಾಸನೆ ಹೊಳೆ ದಾಟಿ ನಮ್ಮ ಸೀಮೆಯವರೆಗೂ ಹೆಸರಾಗಿದೆ. ಕೊಂಡೆ. ಬಾಯಿಯವರೆಗೆ ತಂದೆ. ಆದರೆ ಹೊಟ್ಟೆಯಲ್ಲಿ ಎರಡು ಚಿಪ್ಪು ಹುಣಸೆಬೀಜದ ಅಂಟು ಬಾಗಿಲಿಗೆ ಅಗಳಿ ಹಾಕಿ ಕೂತಿತ್ತು. ಒಂದು ಚೂರನ್ನೂ ಒಳಗೆ ಬಿಡುವಂತಿರಲಿಲ್ಲ. ವಡೆಯನ್ನು ಕೈಯಲ್ಲಿ ಹಿಡಿದು, ನೋಡುತ್ತ, ಮಂಡ್ಯದವರೆಗೆ ನೆಟ್ಟಗೆ ಕುಳಿತು ಹೋದೆ. ಎದುರು ಕುಳಿತವರು ನನ್ನನ್ನು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡು ಕಾಲು ಮಡಚಿಕೊಂಡರು.

ಮಂಡ್ಯದಲ್ಲಿ ಗಾಳಿಯೇ ಸಿಹಿ. ಸಾಲು ಸಾಲು ಕಬ್ಬಿನ ಗಾಡಿ. ಹಿಂದೆ ನಡೆಯುವವರೆಲ್ಲ ಒಂದೊಂದು ಜಲ್ಲೆ ಎಳೆದುಕೊಂಡು ಅಗಿಯುತ್ತ ಹೋಗುವುದು ಇಲ್ಲಿಯ ಪದ್ಧತಿ. ಗಾಡಿಯವನು ಬೈಯುತ್ತಾನೆ, ಆದರೆ ತಿರುಗಿ ನೋಡುವುದಿಲ್ಲ. ನೋಡಿದರೆ ನೆಂಟರು ಸಿಕ್ಕಿಬೀಳಬಹುದೆಂಬ ದಾಕ್ಷಿಣ್ಯವಿರಬೇಕು. ಹೊಳಲಿನ ದಾರಿ ಕೇಳಿದ್ದಕ್ಕೆ ಒಬ್ಬ ಮುದುಕ, "ಓದೋರಂಗೆ ಕಾಣ್ತೀರಿ, ಕಣ್ ಕಾಣಕಿಲ್ವಾ? ನಾಲೆ ಪಕ್ಕಾನೇ ಓಗಿ" ಎಂದು ಗದರಿ, ಆಮೇಲೆ ತಾನೇ ಅರ್ಧ ದಾರಿ ಬಂದು ಬಿಟ್ಟ. ನನ್ನ ವಡೆಯನ್ನು ಅವನಿಗೇ ಕೊಟ್ಟೆ. ನನ್ನ ಎದುರಿಗೇ ತಿಂದ. ಚೆನ್ನಾಗಿತ್ತಂತೆ.

ಹೊಳಲು: ಮೊದಲ ದಿನ

"ಬನ್ನಿ ಅಳಿಯಂದ್ರೇ, ಉಂಡ್ರಾ? ಸಾಕಿ ಸಂದಾಗವ್ಳಾ?" ಎಂದು ಚಿಕ್ಕವ್ವ ಕಾಲಿಗೆ ನೀರು ಕೊಟ್ಟಳು. ಎಪ್ಪತ್ತರ ಮುದುಕಿ, ಬೆನ್ನು ಬಗ್ಗಿದ್ದರೂ ಧ್ವನಿ ಬಗ್ಗಿರಲಿಲ್ಲ. ಮಗ ನಂಜೇಗೌಡ ಮಾತು ಕಡಮೆಯ ಮನುಷ್ಯ. ಸುತ್ತ ನಾಲೆಯ ನೀರು ಬಂದು ಊರಿಗೆ ಊರೇ ಕಬ್ಬು ಹಾಕಿದ್ದರೂ, ಹಿತ್ತಲು ಮಾತ್ರ ಚಿಕ್ಕವ್ವನ ಆಳ್ವಿಕೆಯಲ್ಲಿತ್ತು: ಅವರೆ, ಬದನೆ, ಸೊಪ್ಪು, ಮೆಣಸಿನಗಿಡ. ಅಂಗಡಿಯಿಂದ ಉಪ್ಪು ಬಿಟ್ಟು ಇನ್ನೇನೂ ಆ ಅಡಿಗೆಮನೆಗೆ ಬರುತ್ತಿರಲಿಲ್ಲ. ಸಂಘವಾಗಲಿ ಭಾಷಣವಾಗಲಿ ಇಲ್ಲದೆ ಇದು ಹೇಗೆ ನಡೆಯುತ್ತಿತ್ತೋ ಗೊತ್ತಿಲ್ಲ.

ಬುರುಡೆ ಮುರಿದ ವಿಷಯ ಹೇಳಿದೆ. ಹೇಗೆ ಮುರಿಯಿತೆಂಬುದನ್ನು ಹೇಳಲಿಲ್ಲ. ಚಿಕ್ಕವ್ವ ನಿಟ್ಟುಸಿರು ಬಿಟ್ಟು ಹಿತ್ತಲಿಗೆ ಕರೆದುಕೊಂಡು ಹೋದಳು.

"ಓದ ವರ್ಸದ ಬೀಜಾನೆಲ್ಲ ಇಲಿ ತಿಂತು. ಒಂದೇ ಬೀಜ ಉಳ್ದಿತ್ತು, ಹಾಕ್ದೆ. ಬಳ್ಳೀಲಿ ಬಂದಿದ್ದ ಕಾಯ ಕೋತಿ ಎರಡು ಕೆಡವ್ತು, ಈ ಮನೆಯೋರು ಸಾರ್ಗೆ ಕುಯ್ದ್ರು. ಈಗ ಒಂದೇ ಒಂದು ಅದೆ. ಬೀಜಕ್ಕೂ ಅದೇಯ, ಬುರುಡೆಗೂ ಅದೇಯ. ಇದು ಓದ್ರೆ ನಮ್ಮವ್ವನ ತಳಿ ಮುಗೀತು."

ಕೊಟ್ಟಿಗೆಯ ಮಾಡಿನಿಂದ ಅದು ಇಳಿಬಿದ್ದಿತ್ತು. ಕೊಳವೆಯಂಥ ಕತ್ತು, ಕೆಳಗೆ ಉಬ್ಬಿದ ಹೊಟ್ಟೆ, ಮೈಮೇಲೆ ಇನ್ನೂ ಎಳೆಯ ರೋಮ. ಮೂವತ್ತು ವರ್ಷ ನಮ್ಮ ಅಡಿಗೆಮನೆಯಲ್ಲಿ ಕೂತಿದ್ದ ಅದೇ ಆಕಾರ! ನಾನು ಮೈಮರೆತೆ.

"ಅದೇ! ಅದೇ ನೋಡಿ!" ಎಂದು ತೋರುಬೆರಳನ್ನು ಪೂರ್ತಿ ಚಾಚಿ, ಭೂಪಟದಲ್ಲಿ ರಾಜಧಾನಿ ತೋರಿಸುವ ಹಾಗೆ ತೋರಿಸಿದೆ.

"ಬೆರಳು! ಬೆರಳಿಳ್ಸೋ ಮುಂಡೇದೇ!"

ಮೂವತ್ತು ವರ್ಷದಿಂದ ಅಳಿಯಂದ್ರೇ ಎನ್ನುತ್ತಿದ್ದವಳು ಒಂದೇ ಉಸಿರಿನಲ್ಲಿ ಅಲ್ಲಿಗೆ ಇಳಿದಳು.

ಎಳೆಯ ಕಾಯಿಗೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು ಎಂಬುದು ನನಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಇದಕ್ಕಾಗಿ ಅಜ್ಜಿಯಿಂದ ಏಟು ತಿಂದಿದ್ದೇನೆ. ಆದರೆ ಮೂವತ್ತು ವರ್ಷ ಭೂಪಟ, ಕಪ್ಪುಹಲಗೆ, ತಂಟೆಕೋರ ಹುಡುಗರು ಎಂದು ದಿನವಿಡೀ ತೋರಿಸಿ ತೋರಿಸಿ, ನನ್ನ ಬೆರಳಿಗೆ ಮಡಚುವುದೇ ಮರೆತಿತ್ತು.

"ಕಚ್ಕೋ! ಬೆರಳು ಕಚ್ಕೋ!"

ಕಚ್ಚಿಕೊಂಡೆ.

"ಗಟ್ಟಿಯಾಗಿ ಕಚ್ಕೋ! ಬಾಳೇಹಣ್ಣು ತಿಂದಂಗಲ್ಲ!"

"ಚಿಕ್ಕವ್ವಾ, ಇದು ಮೂಢನಂಬಿಕೆ" ಎಂದೆ, ಬೆರಳು ಬಾಯಲ್ಲಿಟ್ಟುಕೊಂಡೇ. "ಹೀಚು ಕೊಳೆಯುವುದು ನೊಣದಿಂದ. ನಾಲ್ಕನೇ ಕ್ಲಾಸಿಗೆ ನಾನೇ ಪಾಠ ಹೇಳಿದ್ದೇನೆ."

"ಅದ್ಕೇ ನಿಮ್ಮನೇಲಿ ಒಂದ್ ಬುರುಡೇನೂ ಉಳ್ದಿಲ್ಲ" ಎಂದಳು.

ತೀರ್ಪು ಅಲ್ಲಿಯೇ ಆಯಿತು. ಬೆರಳು ತೋರಿಸಿದವನೇ ಕಾಯಬೇಕು. ಕಾಯಿ ಬಲಿತು ಒಣಗಿ, ಒತ್ತಿದರೆ ಉಗುರು ನಾಟದಂತೆ ಆಗುವವರೆಗೆ ನಾನು ಹೊಳಲು ಬಿಡಕೂಡದು. ಮತ್ತೆ ತಪ್ಪಾಗದಂತೆ ಆ ಬೆರಳಿಗೆ ಅರಿಶಿನದಲ್ಲಿ ಅದ್ದಿದ ಅರಿವೆ ಸುತ್ತಿ ದಾರದಿಂದ ಬಿಗಿದಳು. ನಂಜೇಗೌಡ ಆ ದಿನದ ಒಂದೇ ಮಾತನ್ನು ಆಗ ಆಡಿದ: "ಕಾಯಿ ಒಣಗೋಕೆ ಒಂದೂವರೆ ತಿಂಗ್ಳಾಯ್ತದೆ."

ಹೊಳಲು: ಉಳಿದ ದಿನಗಳು

ಪರದೇಶದಲ್ಲಿ ಸೆರೆವಾಸ ಅನುಭವಿಸಿದವರು ಎಷ್ಟೋ ಮಂದಿ. ಸೋರೆಕಾಯಿಯ ನಿಮಿತ್ತ ಅನುಭವಿಸಿದವರು ಹೆಚ್ಚಿರಲಾರರು.

ನನ್ನ ಕೆಲಸ ಬೆಳಿಗ್ಗೆ ಬುಡಕ್ಕೆ ನೀರು, ಆಮೇಲೆ ಕೋತಿ ಓಡಿಸುವುದು, ಸಂಜೆ ಮತ್ತೆ ನೀರು. ಊರಿನವರ ಕೆಲಸ ನನ್ನ ಬೆರಳಿನ ಬಗ್ಗೆ ವಿಚಾರಿಸುವುದು. ನಡೆದದ್ದನ್ನು ಹೇಳಲು ನಾಚಿಕೆಯಾಗಿ, "ಸ್ವಲ್ಪ ನೋವು" ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಒಬ್ಬರು ಸುಣ್ಣ ಬೆಲ್ಲ ಎಂದರು, ಒಬ್ಬರು ಸುಟ್ಟ ಈರುಳ್ಳಿ ಎಂದರು. ಎದುರು ಮನೆಯವಳು ಇದು ಉಗುರುಸುತ್ತು ಎಂದು ತೀರ್ಮಾನಿಸಿ, ಒಂದು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿಯೇ ಬಿಟ್ಟಳು. ದಾಕ್ಷಿಣ್ಯಕ್ಕೆ ಬಸುರಾದವರ ಕಥೆ ಕೇಳಿದ್ದೆ. ದಾಕ್ಷಿಣ್ಯಕ್ಕೆ ಒಂದು ದಿನ ಪೂರ್ತಿ ನಿಂಬೆಹಣ್ಣು ತೊಟ್ಟು ಓಡಾಡಿದವನು ನಾನು.

ಬಿಡುವಿನಲ್ಲಿ ಚಿಕ್ಕವ್ವ ಕೈಗೆ ಹುಲ್ಲು ಕೊಟ್ಟಳು. "ಬುರುಡೆ ತಳ ಗುಂಡಗದೆ, ತಾನಾಗ್ ನಿಲ್ಲಕಿಲ್ಲ. ಕೆಳ್ಗೆ ಸಿಂಬಿ ಬೇಕು. ಮಾಡಿ." ಹುಲ್ಲನ್ನು ಬಳೆಯಂತೆ ಸುತ್ತಿ, ಮೇಲೆ ನಾರು ಬಿಗಿದರೆ ಸಿಂಬಿ. ಮಡಕೆ, ಬುರುಡೆ ಅದರ ಮೇಲೆ ಉರುಳದೆ ಕೂರುತ್ತವೆ. ಚಿಕ್ಕವ್ವ ಎಲೆಅಡಿಕೆ ಅಗಿದು ಉಗಿಯುವಷ್ಟರಲ್ಲಿ ಒಂದನ್ನು ಮಾಡಿ ತೋರಿಸಿದಳು. ಒಂಬತ್ತು ಬೆರಳಿನ ನನಗೆ ಮೊದಲನೆಯದಕ್ಕೆ ಎರಡು ದಿನ ಹಿಡಿಯಿತು. ಎತ್ತಿದ ಕೂಡಲೇ ಅದು ಬಿಚ್ಚಿ, ಮತ್ತೆ ಹುಲ್ಲಾಗಿ, ಎಮ್ಮೆ ತಿಂದಿತು. ಎರಡನೆಯದನ್ನು ಎಮ್ಮೆ ಬಿಚ್ಚುವುದಕ್ಕೂ ಕಾಯದೆ ತಿಂದಿತು. ಮೂರನೆಯದು ಬಿಗಿಯಾಗಿ ಬಂತು. ಹೆಮ್ಮೆಯಿಂದ ಜಗಲಿಯ ಮೇಲಿಟ್ಟೆ. ಮಾರನೆಯ ದಿನ ನೋಡಿದರೆ ಅದರಲ್ಲಿ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿದೆ.

"ಏಳಿಸಬೇಡಿ" ಎಂದಳು ಚಿಕ್ಕವ್ವ. "ಕೋಳಿಗಾದ್ರೂ ಒಪ್ಪಿಗೆ ಆಯ್ತಲ್ಲ."

ಆ ವಾರ ನಂಜೇಗೌಡನ ರಾಗಿ ಹೊಲದಲ್ಲಿ ಕಳೆ. ಅಕ್ಕಪಕ್ಕದ ಹೆಂಗಸರು ಎಂಟು ಮಂದಿ ಬಂದು ಚಿಕ್ಕವ್ವನ ಜೊತೆ ಕಳೆ ಕಿತ್ತರು. ಅವರ ಹೊಲಕ್ಕೆ ಈ ಮನೆಯವರು ಹೋಗುತ್ತಾರೆ. ಮುಯ್ಯಾಳು ಎನ್ನುತ್ತಾರೆ. ಬದುವಿನ ಮೇಲೆ ನಿಂತು ನಾನು, "ಇದು ಸ್ವಾವಲಂಬನೆಯಲ್ಲ. ತನ್ನ ಹೊಲದ ಕೆಲಸ ತನ್ನ ಕೈಯಿಂದಲೇ ಆಗಬೇಕು" ಎಂದೆ.

ಕಳೆ ಕೀಳುವುದು ನಿಂತಿತು. ಚಿಕ್ಕವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ನಿಮ್ ತೊಟ್ಲ ನೀವೇ ತೂಗ್ಕಂಡ್ರಾ, ಅಳಿಯಂದ್ರೇ?"

ಎಂಟು ಮಂದಿಯ ನಗು ನಾಲೆಯ ಆಚೆಯ ಊರಿಗೂ ಕೇಳಿರಬೇಕು. ನಾನು ಬದುವಿನಿಂದ ಇಳಿದು ಕಳೆ ಕಿತ್ತೆ. ಕಿತ್ತದ್ದರಲ್ಲಿ ಅರ್ಧ ರಾಗಿ ಪೈರಾಗಿತ್ತೆಂದು ಮತ್ತೆ ಬದುವಿನ ಮೇಲಕ್ಕೇ ಕಳಿಸಿದರು.

ಎರಡನೆಯ ವಾರದ ಕೊನೆಗೆ ಅನಾಹುತವಾಯಿತು. ಬೆಳಿಗ್ಗೆ ನೋಡಿದರೆ ಕಾಯಿಯ ಹೊಟ್ಟೆಯ ಮೇಲೆ ಹಳದಿ ಕಲೆ! ವಿಜ್ಞಾನದ ಪ್ರಕಾರ ನನ್ನ ಬೆರಳಿಗೂ ಆ ಕಲೆಗೂ ಸಂಬಂಧವಿರಕೂಡದು. ಆದರೆ ಆ ಹೊತ್ತಿನಲ್ಲಿ ವಿಜ್ಞಾನ ಕೊಳ್ಳೇಗಾಲದಲ್ಲೇ ಉಳಿದಿತ್ತು. ಬಂದು ನೋಡಿದ ಚಿಕ್ಕವ್ವ ಬೈಯಲಿಲ್ಲ. ಬಣವೆಯ ಪಕ್ಕ ಮೆಲ್ಲನೆ ಕುಕ್ಕರಿಸಿ, "ನಮ್ಮವ್ವ ನನ್ ಮದ್ವೇಲಿ ಕೊಟ್ಟಿದ್ದು ಇದೊಂದೇ ಬೀಜ ಕನಪ್ಪ. ಒಡವೆ ಕೊಡೋಕೆ ಅವಳತ್ರ ಇರ್ಲಿಲ್ಲ" ಎಂದಳು. ಆ ಒಂದು ಗಳಿಗೆ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಅವಳು ಮುಂಡೇದೇ ಎಂದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಆಮೇಲೆ ಅವಳು ಎದ್ದು ಹತ್ತಿರ ಹೋಗಿ ಕಲೆಯನ್ನು ಮೂಸಿದಳು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಕಲೆ ಸೆರಗಿಗೆ ಬಂತು. ತಿರುಗಿ ನನ್ನ ಬೆರಳಿನ ಕಡೆ ನೋಡಿದಳು.

"ದಿನಾ ಮುಟ್ಟಿ ಮುಟ್ಟಿ ನೋಡ್ತಿದ್ದೀರಾ?"

"ಸ್ವಲ್ಪ."

"ಅರಿಸ್ನ!" ಎಂದು ಕಿರುಚಿದಳು. "ಅರಿಸ್ನ ಮೆತ್ತವ್ನೆ ಮುಂಡೇದು! ಕಾಯ್ಗೆ ಅರಿಸ್ನದ ಶಾಸ್ತ್ರ ಮಾಡವ್ನೆ!"

ಅಷ್ಟು ಸಂತೋಷದಿಂದ ನಾನು ಯಾವ ಬೈಗುಳವನ್ನೂ ಸ್ವೀಕರಿಸಿಲ್ಲ.

ಊರಿಗೆ ಎಡಗೈಯಲ್ಲಿ ಒಂದು ಕಾರ್ಡು ಬರೆದೆ. ಸಾಕಮ್ಮ ಹೇಳಿದ್ದನ್ನು ಪೋಸ್ಟ್ ಮಾಸ್ಟರು ಬರೆದು ಕಳಿಸಿದ ಉತ್ತರದಲ್ಲಿ ಎರಡೇ ಸಾಲು: "ಕಾಯಿ ಬಲಿತ ಮೇಲೆ ಬನ್ನಿ. ಸಂಘ ಚೆನ್ನಾಗಿದೆ, ನೀವಿಲ್ಲದ್ದರಿಂದ ಏನೂ ಮುರಿದಿಲ್ಲ."

ಒಂದೂವರೆ ತಿಂಗಳಾಯಿತು. ಕಾಯಿಯ ಹಸಿರು ಹೋಗಿ ಕಂದಾಯಿತು, ಬಳ್ಳಿ ಬಾಡಿತು. ಚಿಕ್ಕವ್ವ ಉಗುರು ಒತ್ತಿದಳು, ಸೊಸೆ ಒತ್ತಿದಳು, ಎದುರು ಮನೆಯವಳೂ ಬಂದು ಒತ್ತಿದಳು. ನನಗೆ ಅಪ್ಪಣೆಯಿರಲಿಲ್ಲ. ಯಾರ ಉಗುರೂ ನಾಟಲಿಲ್ಲ. ಅಲುಗಿಸಿದರೆ ಒಳಗೆ ಬೀಜ ಗಲಗಲ ಎಂದಿತು.

"ಇದರ ಬಾಯಿ ನಾನು ಕುಯ್ಯಕಿಲ್ಲ" ಎಂದಳು ಚಿಕ್ಕವ್ವ. "ಬಳಸೋರೇ ಬಾಯಿ ಕುಯ್ಬೇಕು. ಸಾಕಿಗೆ ಯೋಳಿ, ಬೀಜ್ದಲ್ಲಿ ಅರ್ಧ ನಂಗ್ ಕಳ್ಸ್ಲಿ. ಬೆರಳಿನ ಬಟ್ಟೆ ಮನೆ ಸೇರೋಗಂಟ ಬಿಚ್ಚಬ್ಯಾಡಿ."

ಸೊಂಟದಲ್ಲಿ ಸಿಕ್ಕಿಸಿಕೊಂಡು ತಂದ ತಳಿಯನ್ನು, ಬೆರಳು ತೋರಿಸಿದವನ ಕೈಯಲ್ಲೇ ಇಟ್ಟು ಕಳಿಸಿದಳು. ಜೊತೆಗೆ ನನ್ನ ನಾಲ್ಕನೆಯ ಸಿಂಬಿ. ಅದನ್ನು ಎಮ್ಮೆಯೂ ಕೋಳಿಯೂ ಮುಟ್ಟದಂತೆ ತಲೆದಿಂಬಿನ ಕೆಳಗಿಟ್ಟು ಕಾಪಾಡಿದ್ದೆ.

ಮತ್ತೆ ಮದ್ದೂರು

ಬುರುಡೆ ತೊಡೆಯ ಮೇಲೆ, ಎರಡು ಕೈ ಬುರುಡೆಯ ಮೇಲೆ. ಸ್ಟೇಷನ್ನಿನಲ್ಲಿ ವಡೆಯವನು ಕಿಟಕಿಗೇ ಬಂದ. ಈಗ ಹೊಟ್ಟೆ ಸಿದ್ಧವಾಗಿತ್ತು, ಕೈ ಖಾಲಿಯಿರಲಿಲ್ಲ. ಹೀಗೆ ಎರಡು ಸಲ ಮದ್ದೂರು ದಾಟಿಯೂ ವಡೆ ತಿನ್ನದೆ ಬಂದವನು ನಾನು.

ಮತ್ತೆ ಗಡಿ

ಅದೇ ಗುಡಿಸಲು, ಅದೇ ಕಾವಲಿನವನು. "ಓಹೋ, ಬುರುಡೆ ಸ್ವಾಮಿಗ್ಳು!" ಎಂದು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಗಲಗಲ.

ಅವನ ಮುಖ ಸರ್ಕಾರದ ಮುಖವಾಯಿತು. "ಒಳ್ಗೇನೋ ದವಸ ಅದೆ."

"ದವಸವಲ್ಲ. ಸೋರೆ ಬೀಜ."

"ಎಲ್ರೂ ಅಂಗೇ ಅನ್ನದು. ಓದ್ವಾರ ಒಬ್ಬ ಮದ್ದಳೆ ಒಳ್ಗೆ ರಾಗಿ ತುಂಬ್ಕಂಡ್ ಬಂದಿದ್ದ. ಬಾರ್ಸು ಅಂದ್ರೆ ಬಾರ್ಸಲೇ ಇಲ್ಲ." ಒಳಗೆ ಹೋಗಿ ಮಚ್ಚು ತಂದ. "ಒಡ್ದು ನೋಡ್ಬೇಕು. ಬೀಜಾನೇ ಆದ್ರೆ ಎರಡೂ ಓಳು ತಕ್ಕಂಡೋಗಿ."

ಬಾಯಿಲ್ಲದ ಬುರುಡೆಯಲ್ಲಿ ದವಸ ತುಂಬುವುದು ಹೇಗೆಂದು ವಾದಿಸಿದೆ. ಕಳ್ಳರು ಜಾಣರು ಎಂದ. ನೆಂಟಸ್ತಿಕೆ ಹೇಳಿದೆ. ಡ್ಯೂಟಿ ಎಂದ. ಬುರುಡೆಯನ್ನು ಕಲ್ಲಿನ ಮೇಲಿಟ್ಟು ಮಚ್ಚು ಎತ್ತಿದ. ನಂಬಿ ಕೊಟ್ಟ ಮುದುಕಿಯ ಮುಖ, ಬಾಗಿಲಲ್ಲಿ ನಿಂತ ಸಾಕಮ್ಮನ ಮುಖ, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಗಲೇ ಅವನ ಗುಡಿಸಲಿನ ಮೇಲೆ ನನ್ನ ದೃಷ್ಟಿ ಬಿತ್ತು. ಏಳು ಹೀಚು ಇದ್ದ ಬಳ್ಳಿಯಲ್ಲಿ ಒಂದೇ ಒಂದು ಕುಂಬಳ ಉಳಿದಿತ್ತು. ಇನ್ನೂ ಪೂರ್ತಿ ಬಲಿತಿರಲಿಲ್ಲ. ಸುತ್ತ ಮುಳ್ಳು ಕಟ್ಟಿ, ದೃಷ್ಟಿಗೆಂದು ಹಳೆಯ ಪೊರಕೆಯೊಂದನ್ನು ನೇತುಹಾಕಿದ್ದ.

ನಾನು ಬೆರಳಿನ ದಾರ ಬಿಚ್ಚತೊಡಗಿದೆ.

"ಏನ್ ಗಾಯ ಸ್ವಾಮಿ?"

"ಗಾಯವಲ್ಲ. ಹೊಳಲಿನಲ್ಲಿ ಇದನ್ನು ಒಂದು ಕಾಯಿಗೆ ತೋರಿಸಿದೆ. ಅಲ್ಲಿಯವರು ಒಂದೂವರೆ ತಿಂಗಳು ಕಟ್ಟಿಹಾಕಿದ್ದರು." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅರಿವೆ ಬಿಚ್ಚಿತು. ಬೆರಳು ಅರಿಶಿನದಿಂದ ಹಳದಿಯಾಗಿ, ಭಯಂಕರವಾಗಿ ಹೊರಬಂತು. ಅದನ್ನು ನಿಧಾನವಾಗಿ ಮೇಲೆತ್ತಿದೆ. ಅವನು ಬೆರಳನ್ನು ನೋಡಿದ. ಅದು ಹೊರಟ ದಿಕ್ಕನ್ನು ನೋಡಿದ. ಮಚ್ಚು ಕೈಯಿಂದ ಜಾರಿತು.

"ಮಡಚ್ಕಳಿ! ಬೆರಳು ಮಡಚ್ಕಳಿ ಸ್ವಾಮಿ! ಏಳು ಕಟ್ಟಿತ್ತು, ಯಾವ ಪಾಪಿ ಕಣ್ ಬಿತ್ತೋ ಆರು ಉದ್ರೋಯ್ತು! ಉಳ್ದಿರೋದು ಇದೊಂದೇಯ, ಮಗಳು ಬಸ್ರಿ, ಕುಂಬ್ಳಕಾಯಿ ಉಳಿ ಸಾರು ಬೇಕು ಅಂತವ್ಳೆ! ನಿಮ್ ಬುರುಡೆ ತಕ್ಕಳಿ, ಓಗಿ!"

ನಾನು ಬೆರಳು ಮಡಚಿದೆ. ಅವನು ಬುರುಡೆಯನ್ನು ತಾನೇ ಎತ್ತಿ, ಧೂಳು ಒರೆಸಿ, ಕೈಗೆ ಕೊಟ್ಟ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದ: "ಸ್ವಾಮೀ, ಅರ್ಧ ಎತ್ತಿದ್ರಿ. ಯಾವುದಕ್ಕೂ ಒಂದ್ಸಲ ಕಚ್ಕಂಡೋಗಿ."

ಕಚ್ಚಿಕೊಂಡೆ. ಆಮೇಲೆ, ಅವನು ಕೇಳದಿದ್ದರೂ, ಹಿಂದಿನ ಆರಕ್ಕೂ ಸೇರಿಸಿ ಇನ್ನೊಂದು ಸಲ ಗಟ್ಟಿಯಾಗಿ ಕಚ್ಚಿಕೊಂಡೆ. ನಾಲ್ಕನೇ ಕ್ಲಾಸಿನ ನನ್ನ ಹಳೆಯ ಹುಡುಗರು ಯಾರೂ ಆ ಸೇತುವೆಯ ಮೇಲೆ ಇರಲಿಲ್ಲವೆಂಬುದು ದೇವರ ದಯೆ.

ಮನೆ

ಸಾಕಮ್ಮ ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಗುರು ಒತ್ತಿದಳು. ಕಿವಿಗೆ ಹಿಡಿದು ಅಲುಗಿಸಿ, ಹೊಸದಾಗಿ ಬಂದ ಸೊಸೆಯ ಬಳೆಸದ್ದು ಕೇಳುವ ಅತ್ತೆಯ ಹಾಗೆ ತಲೆ ಓರೆಮಾಡಿ ಆಲಿಸಿದಳು. ಆಮೇಲೆ ಕುಡುಗೋಲಿನ ತುದಿಯಿಂದ ಕತ್ತಿನ ಬಳಿ ದುಂಡಗೆ ಬಾಯಿ ಕೊಯ್ದು ಬೀಜ ಸುರಿದಳು. ಅರ್ಧ ಚಿಕ್ಕವ್ವನಿಗೆ ಎಂದು ಗಂಟು ಕಟ್ಟಿದಳು. ಗಡಿಯ ಕಥೆ ಕೇಳಿದ ಮೇಲೆ, "ಅವನ ಬಳ್ಳಿ ಕೆಡಿಸಿದ್ದೀರಲ್ಲ" ಎಂದು ಒಂದು ಚಿಟಿಕೆ ಅವನಿಗೂ ಬೇರೆ ಕಟ್ಟಿದಳು. ಉಳಿದದ್ದನ್ನು ಹಿತ್ತಲಿಗೆಂದು ತೆಗೆದಿಟ್ಟು, ನನ್ನ ಬೆರಳಿಗೆ ಮತ್ತೆ ಅರಿವೆ ಸುತ್ತಿ ಬಿಗಿದಳು. ಪೋಸ್ಟ್ ಮಾಸ್ಟರೂ ವಕೀಲರೂ ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ಸಂಘದ ಸಭೆಯೆಂಬಂತೆ ನೋಡುತ್ತಿದ್ದರು.

ಸಿಂಬಿಯನ್ನು ಕೈಗೆ ತೆಗೆದುಕೊಂಡಳು. "ಇದ್ಯಾರ್ ಮಾಡಿದ್ದು?"

"ನಾನು" ಎಂದೆ. ಅಧ್ಯಕ್ಷನಾದ ಮೇಲೆ ಹಾಗೆ ಹೇಳಬಹುದಾದ ಮೊದಲ ವಸ್ತು ಅದು.

ಬಹಳ ಹೊತ್ತು ನೋಡಿದಳು. "ಒಂದ್ ಕಡೆ ಓರೆ ಅದೆ" ಎಂದಳು. ಅದನ್ನು ಜಗಲಿಯ ಮೇಲಿಟ್ಟು, ಬುರುಡೆಯನ್ನು ಅದರ ಮೇಲೆ ಕೂರಿಸಿ, ಬುರುಡೆಯ ಉಬ್ಬು ಸಿಂಬಿಯ ಓರೆಗೆ ಸರಿಹೋಗುವ ಹಾಗೆ ಮೆಲ್ಲನೆ ತಿರುಗಿಸಿದಳು. ಕೈ ಬಿಟ್ಟಳು. ನಿಂತಿತು.

ನನ್ನ ಹೃದಯ ತುಂಬಿ ಬಂತು. ಈ ಸಂದರ್ಭಕ್ಕೆ ನಾಲ್ಕು ಮಾತು ಆಡದಿದ್ದರೆ ತಪ್ಪಾಗುತ್ತದೆಂದು ಗಂಟಲು ಸರಿಮಾಡಿಕೊಂಡೆ. ವಕೀಲರು ಆಗಲೇ ಒಪ್ಪಿಗೆಯೆಂದು ತಲೆಯಾಡಿಸತೊಡಗಿದ್ದರು. ಭಾಷಣಕ್ಕೆ ಮುಂಚೆ ದಣಿವಾರಿಸಿಕೊಳ್ಳೋಣವೆಂದು ಪಂಚೆ ಮೇಲೆತ್ತಿ, ಜಗಲಿಗೆ ಬೆನ್ನುಮಾಡಿ ಕೂರಲು ಬಗ್ಗಿದೆ.

"ನೋಡ್ಕಂಡ್ ಕುಂತ್ಕಳಿ" ಎಂದಳು ಸಾಕಮ್ಮ.